ತಾಲ್ಲೂಕು ಆಸ್ಪತ್ರೆಗೊಬ್ಬ ಆಪ್ಟೊಮೆಟ್ರಿಸ್ಟ್ ಬೇಕು



ಈ ಕಾಗದವನ್ನು ಕೈ ಚಾಚಿ ದೂರ ಹಿಡಿದು ಓದುತ್ತಿದ್ದೀರಾ? ನಿಮಗೆ ನಲವತ್ತು ದಾಟಿರಬೇಕು. ನಮ್ಮ ಹಿರಿಯರು ಕನ್ನಡಕವನ್ನು ‘ಚಾಳೀಸು’ ಅಂದದ್ದು ಸುಮ್ಮನೆ ಅಲ್ಲ. ಹಿಂದಿಯ ಚಾಲೀಸ್ ಅಂದರೆ ನಲವತ್ತು. ನಿಮ್ಮ ಕಷ್ಟವೇನೋ ನಿಮಗೆ ಗೊತ್ತಾಯಿತು. ಒಂದೇ ಕಣ್ಣು ಮಂಜಾಗಿರುವ ಮಗುವಿಗೆ ಅದೂ ಗೊತ್ತಾಗದು. ಇನ್ನೊಂದು ಕಣ್ಣಿನಲ್ಲಿ ಸಾಗುತ್ತದಲ್ಲ! ಏಳೆಂಟು ವರ್ಷದೊಳಗೆ ಪತ್ತೆಯಾದರೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಿ, ಸೋಮಾರಿ ಕಣ್ಣನ್ನು ದುಡಿಸಬಹುದು. ತಡವಾದಷ್ಟೂ ಕಷ್ಟ.

ಕನ್ನಡಕದಂಗಡಿಯ ಕಂಪ್ಯೂಟರ್ ಕೊಡುವ ಚೀಟಿ ಬರೀ ಅಂದಾಜು. ಯಂತ್ರದೊಳಗೆ ಇಣುಕುವ ಮಗು ಕಣ್ಣು ಬಿಗಿಹಿಡಿಯುತ್ತದೆ, ಇಲ್ಲದ ಮೈನಸ್ ನಂಬರು ಬರುತ್ತದೆ. ಹನಿ ಹಾಕಿ ಆ ಬಿಗಿ ಬಿಡಿಸಿ, ರೆಟಿನೋಸ್ಕೋಪಿನಲ್ಲಿ ಅಳೆಯಲು ಪಳಗಿದ ಕೈ ಬೇಕು. ದೃಷ್ಟಿ ಅಳೆಯುವ ತಜ್ಞರಾದ ಆಪ್ಟೊಮೆಟ್ರಿಸ್ಟರು ವರ್ಷಗಟ್ಟಲೆ ಓದಿ ಕಲಿಯುವುದು ಇದನ್ನೇ. ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಆಪರೇಷನ್ ಅವರ ಕೆಲಸವಲ್ಲ. ನೋವಿಲ್ಲದೆ ದೃಷ್ಟಿಯ ಅಂಚು ತಿನ್ನುವ ಗ್ಲಾಕೋಮಾವನ್ನೂ ಸಕ್ಕರೆ ಕಾಯಿಲೆಯವರ ಅಕ್ಷಿಪಟಲದ ತೊಂದರೆಯನ್ನೂ ಮೊದಲೇ ಗುರುತಿಸಿ ವೈದ್ಯರ ಬಳಿ ಕಳಿಸುವುದು ಅವರ ಕೆಲಸ.

ಇಷ್ಟು ಕಲಿತವರನ್ನು ನಾವು ಪಟ್ಟಣದ ಶೋರೂಮಿನಲ್ಲಿ ಫ್ರೇಮು ಮಾರಲು ಬಿಟ್ಟಿದ್ದೇವೆ. ತಪ್ಪು ಅವರದಲ್ಲ, ಹಳ್ಳಿಯ ಕಡೆ ಹುದ್ದೆ ಎಲ್ಲಿದೆ?

ಕಣ್ಣಿನ ಶಿಬಿರಗಳು ನಡೆಯುತ್ತವಲ್ಲ ಅನ್ನಬಹುದು. ಕಣ್ಣಿನ ವೈದ್ಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು ಪೊರೆ ತೆಗೆದದ್ದನ್ನು ಈ ನಾಡು ಮರೆಯದು. ಆದರೆ ಪೊರೆ ಒಮ್ಮೆ ತೆಗೆದರೆ ಮುಗಿಯಿತು. ಮಗುವಿನ ನಂಬರು ಮತ್ತೆ ಮತ್ತೆ ಬದಲಾಗುತ್ತದೆ. ಅದನ್ನು ನೋಡಲು ವರ್ಷವಿಡೀ ಒಬ್ಬರು ಅಲ್ಲೇ ಇರಬೇಕು.

ಕೇಂದ್ರದ 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ಆಪ್ಟೊಮೆಟ್ರಿಸ್ಟರನ್ನು ಗುರುತಿಸಿದೆ. ಗುರುತಿಸಿದರೆ ಸಾಲದು. ಇಂಟರ್ನ್‌ಶಿಪ್‌ನಲ್ಲಿ ವಿದ್ಯಾರ್ಥಿಗಳು ಆರು ತಿಂಗಳಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ, ಶಾಲೆ ಅಂಗನವಾಡಿಗಳಲ್ಲಿ ಕಳೆಯಲಿ; ಮುಗಿಸಿದವರಿಗೆ ಅಲ್ಲೇ ಕಾಯಂ ಹುದ್ದೆ ಸಿಗಲಿ. ಯಂತ್ರ ಕೊಳ್ಳುವ ದುಡ್ಡಿದ್ದರೆ ನಡೆಸುವವರ ಸಂಬಳಕ್ಕೂ ಇರಬೇಕು.

ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಠರಾವಾಗಿ ಬರೆಸಿ, ಶಾಸಕರಿಗೆ ತಲುಪಿಸಿ. ಇವತ್ತೇ ನಿಮ್ಮ ಮಗುವಿನ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿಸಿ ನೋಡಿ. ಓದಿದ ಮೇಲೆ ಈ ಕಾಗದವನ್ನು ಪಕ್ಕದ ಮನೆಗೆ ಕೊಡಿ.