ಚಿನ್ನ ಸರ್ಕಾರಕ್ಕೆ, ದೂಳು ಊರಿಗೆ

ವಿಷ ಸೇರಿದ ಜಾಗಗಳನ್ನು ಶುದ್ಧಗೊಳಿಸಲು ಕೇಂದ್ರ ಸರ್ಕಾರ 2025ರಲ್ಲಿ ನಿಯಮ ತಂದಿತು. ಕೆಡಿಸಿದವರನ್ನು ಗುರುತಿಸಿ ಖರ್ಚನ್ನು ಅವರಿಂದಲೇ ವಸೂಲು ಮಾಡಬೇಕು ಎನ್ನುತ್ತದೆ ಅದು. ಮಾತು ಸರಿ. ಆದರೆ ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಅದೇ ನಿಯಮ ಹೊರಗಿಟ್ಟಿದೆ.

ಕೆಜಿಎಫ್‌ನ ಸೈನೈಡ್ ಗುಡ್ಡಗಳನ್ನು ನೋಡಿದವರಿಗೆ ಈ ವಿನಾಯಿತಿಯ ಅರ್ಥ ತಿಳಿಯುತ್ತದೆ. ಅದಿರನ್ನು ಪುಡಿಮಾಡಿ, ಸೈನೈಡ್‌ನಿಂದ ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮಣ್ಣಿನ ರಾಶಿಗಳವು. 2001ರಲ್ಲಿ ಗಣಿ ಮುಚ್ಚಿತು, ಗುಡ್ಡ ಉಳಿಯಿತು. ಗಾಳಿ ಬೀಸಿದರೆ ಅದರ ದೂಳು ಮನೆಯೊಳಗೆ ಬರುತ್ತದೆ.

ಗಣಿಗೆ ಬೇರೆ ಕಾನೂನುಗಳಿವೆ ಎಂಬ ಸಮಜಾಯಿಷಿ ಇದೆ. ಹಾಗಾದರೆ ಇಷ್ಟು ವರ್ಷ ಅವು ಎಲ್ಲಿದ್ದವು? ಇಲ್ಲಿ ಹೊಣೆಗಾರರನ್ನು ಹುಡುಕಬೇಕಿಲ್ಲ. ಬ್ರಿಟಿಷರ ಕಂಪನಿ ಹೋಗಿ ಎಷ್ಟೋ ಕಾಲವಾಯಿತು. ಗಣಿ ಮುಚ್ಚಿದ ಬಿಜಿಎಂಎಲ್ ಕೇಂದ್ರದ್ದೇ ಉದ್ಯಮ. 13 ಗುಡ್ಡಗಳಲ್ಲಿ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟವೂ ಒಪ್ಪಿತು. ಚಿನ್ನ ಎಂದರೆ ಗುಡ್ಡಕ್ಕೆ ಇಬ್ಬರು ವಾರಸುದಾರರು. ದೂಳು ಎಂದರೆ ಒಬ್ಬರೂ ಇಲ್ಲ.

ಗುಡ್ಡ ಅಗೆಯುವ ಗುತ್ತಿಗೆಯ ಮೊದಲ ಷರತ್ತೇ ಶುದ್ಧೀಕರಣವಾಗಬೇಕು. ಆ ವಿನಾಯಿತಿ ನಿಯಮದಿಂದ ಹೋಗಬೇಕು. ತನ್ನ ಕಸಕ್ಕೆ ತಾನೇ ಮಾಫಿ ಬರೆದುಕೊಂಡ ಸರ್ಕಾರಕ್ಕೆ ಪರರ ಕಸಕ್ಕೆ ದಂಡ ಹಾಕುವ ಮುಖವಿಲ್ಲ.