ಏರಿ ಮೇಲೆ ಸುಮ್ಮನೆ ಕೂತವರನ್ನು ಎಬ್ಬಿಸಬೇಡಿ

ಸಮುದ್ರ ನಮ್ಮ ಹಣೆಯಲ್ಲಿ ಬರೆದಿಲ್ಲ. ತುಮಕೂರಿನವರಿಗೆ ಅಮಾನಿಕೆರೆ, ಗುಬ್ಬಿಯವರಿಗೆ ಗುಬ್ಬಿ ಕೆರೆ, ಕುಣಿಗಲ್ಲಿನವರಿಗೆ ದೊಡ್ಡಕೆರೆ. ಸಂಜೆ ಗಾಳಿಗೆ ಮೈಯೊಡ್ಡಿ, ಹೋಗುವವರ ಬರುವವರ ಮುಖ ನೋಡುತ್ತ ಅರ್ಧ ಗಂಟೆ ಕಳೆಯಬೇಕೆಂದರೆ ನಮಗಿರುವುದು ಇಷ್ಟೇ. ಕುಣಿಗಲ್ ಕೆರೆ ನೋಡುವ ಸುಖವನ್ನೇ ಹಾಡು ಮಾಡಿಕೊಂಡ ಜನ ನಾವು. ಆ ಜನಪದ ಗೀತೆ ಕೇಳದ ಕನ್ನಡಿಗರು ಕಡಿಮೆ. ಗುಬ್ಬಿಯೋ, 1884ರಲ್ಲಿ ನಾಟಕ ಕಂಪನಿ ಕಟ್ಟಿ ಇಡೀ ನಾಡಿಗೆ ಮನುಷ್ಯರನ್ನು ನೋಡುವ ಚಟ ಹತ್ತಿಸಿದ ಊರು. ಇಂಥ ಸೀಮೆಯಲ್ಲಿ ಈಗ ಕೆರೆ ದಂಡೆ ಮೇಲೆ ಸುಮ್ಮನೆ ಕೂತವರನ್ನು ಕಂಡರೆ ಕಣ್ಣುರಿ ಶುರುವಾಗಿದೆ.

ಯಾರ ಕಣ್ಣುರಿ? ನಮ್ಮದೇ. ಬೂಟಿನ ದಾರ ಬಿಗಿದು, ಮೊಬೈಲಿನಲ್ಲಿ ಹೆಜ್ಜೆ ಎಣಿಸುತ್ತ, ಡಾಕ್ಟರು ಹೇಳಿದರೆಂದು ನಡೆಯುವ ಮರ್ಯಾದಸ್ಥರದು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ಅಮಾನಿಕೆರೆ ದಂಡೆಗೂ ದುಡ್ಡು ಬಂತು. ದಂಡೆ ಚೆಂದವಾದಷ್ಟೂ ಅದು ನಮ್ಮೊಬ್ಬರದೇ ಅನ್ನುವ ಭಾವನೆ ಬಲಿಯುತ್ತ ಹೋಯಿತು. ನಮ್ಮ ಮಾತುಗಳನ್ನು ನಾವೇ ಒಂದು ಸಲ ಕಿವಿಗೊಟ್ಟು ಕೇಳೋಣ. "ಇಲ್ಲಿ ಮಲಗೋರನ್ನ ಮೊದಲು ಓಡಿಸಬೇಕು." "ಈ ಹುಡುಗ ಹುಡುಗೀರದ್ದು ಜಾಸ್ತಿ ಆಯ್ತು." "ಗಾಡಿಯವರನ್ನ ಗೇಟಿನ ಹತ್ತಿರಾನೇ ಬಿಡಬಾರದು ಸಾರ್." ಇಷ್ಟು ಹೇಳಿ, ಮೂರನೇ ಸುತ್ತು ಮುಗಿಸಿ, ಅದೇ ಗಾಡಿಯವನ ಹತ್ತಿರ ಖಾರ ಮುಂದಾಗಿ ಚುರುಮುರಿ ಹಾಕಿಸಿಕೊಳ್ಳುತ್ತೇವೆ.

ಅವನ ಕೈ ನೋಡಿದ್ದೀರಾ? ಪುರಿ ಡಬ್ಬಕ್ಕೆ ಬಿದ್ದದ್ದೇ ತಡ, ತುರಿದ ಕ್ಯಾರೆಟ್ಟು, ಹೆಚ್ಚಿದ ಈರುಳ್ಳಿ, ಒಂದು ಚಮಚ ಎಣ್ಣೆ, ಮೇಲೆ ಅರ್ಧ ಹೋಳು ನಿಂಬೆ. ಸೌಟು ಡಬ್ಬದ ಅಂಚಿಗೆ ಟಣಟಣ ಬಡಿಯುತ್ತಿರುತ್ತದೆ, ಕಣ್ಣು ಮಾತ್ರ ರಸ್ತೆ ಮೇಲೆ. ಜೀಪು ಬಂದರೆ ಗಾಡಿ ತಳ್ಳಿಕೊಂಡು ಓಡಬೇಕು. ಗಿರಾಕಿಯ ಮುಖ ನೋಡುವಷ್ಟು ನೆಮ್ಮದಿಯೂ ಅವನಿಗಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವನ ಪರವಾಗಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿರಬೇಕು ಎಂದು ಅದು ಹೇಳುತ್ತದೆ. ವಾಯುವಿಹಾರಿಗಳ ಸಂಘದ ಅರ್ಜಿಗಳಲ್ಲಿ ಈ ಕಾಯ್ದೆಯ ಪ್ರಸ್ತಾಪ ನೀವು ಎಂದಾದರೂ ಕಂಡಿದ್ದರೆ ನನಗೂ ತೋರಿಸಿ.

ಇನ್ನು ಹೆಣ್ಣುಮಕ್ಕಳ ವಿಷಯ. ಕಲ್ಲುಬೆಂಚಿನ ಮೇಲೆ ಗಂಡಸು ಎರಡು ತಾಸು ಕೂತರೂ ಯಾಕೆಂದು ಕೇಳುವವರಿಲ್ಲ. ಹೆಂಗಸು ಒಬ್ಬಳೇ ಕೂತಳೋ, ಅವಳಿಗೊಂದು ಕಾರಣ ಬೇಕು. ಅದಕ್ಕೇ ಫೋನ್ ಬರದಿದ್ದರೂ ಕಿವಿಗೆ ಹಿಡಿದುಕೊಂಡಿರುತ್ತಾಳೆ, ಯಾರಿಗೋ ಕಾಯುತ್ತಿರುವವಳಂತೆ ಗೇಟಿನ ಕಡೆ ನೋಡುತ್ತಿರುತ್ತಾಳೆ. ಮುಂಬೈ ಹೆಣ್ಣುಮಕ್ಕಳ ಇದೇ ಪಾಡನ್ನು ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ 2011ರಲ್ಲಿ 'ವೈ ಲಾಯ್ಟರ್?' ಎಂಬ ಪುಸ್ತಕವಾಗಿ ಬರೆದರು. ಕೆಲಸವಿಲ್ಲದೆ ಬೀದಿಯಲ್ಲಿ ನಿಲ್ಲುವುದೂ ಹೆಣ್ಣಿನ ಹಕ್ಕು ಎಂಬುದು ಅವರ ವಾದ. ಮರೀನ್ ಡ್ರೈವಿನಂಥ ಸಮುದ್ರದಂಡೆ ಇರುವ ಊರಲ್ಲೇ ಹಾಗೆಂದರೆ ನಮ್ಮಲ್ಲಿ ಹೇಗಿರಬೇಡ? ಕೆರೆ ಕಟ್ಟಿಸಿ, ನೀರು ಬರಲಿಲ್ಲವೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿಕೊಟ್ಟ 'ಕೆರೆಗೆ ಹಾರ'ದ ಕತೆಯನ್ನು ಶಾಲೆಯಲ್ಲಿ ಓದಿ ಕಣ್ಣೊರೆಸಿಕೊಂಡವರು ನಾವು. ನಮ್ಮ ಮನೆಯ ಸೊಸೆ ಒಬ್ಬಳೇ ಹೋಗಿ ಏರಿ ಮೇಲೆ ಕಡ್ಲೆಕಾಯಿ ಬಿಡಿಸುತ್ತ ಕೂತರೆ, ಮನೆಗೆ ಬಂದಾಗ ನಾವು ಕೇಳುವ ಮೊದಲ ಮಾತು ಏನಾಗಿರುತ್ತದೆ?

ಜೋಡಿಗಳ ಫೋಟೋ ಕದ್ದು ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವವರಿಗೆ ಒಂದೇ ಮಾತು: ಅದು ಸಂಸ್ಕೃತಿ ರಕ್ಷಣೆಯಲ್ಲ, ಹೇಡಿತನ. ತುಮಕೂರು ಓದುವ ಮಕ್ಕಳ ಊರು. ಹಾಸ್ಟೆಲಿನಲ್ಲಿ, ಪೇಯಿಂಗ್ ಗೆಸ್ಟ್ ರೂಮುಗಳಲ್ಲಿ ಒಂದು ಮಂಚದ ಜಾಗಕ್ಕೆ ಬಾಡಿಗೆ ಕಟ್ಟುವ ಮಕ್ಕಳು ಸಂಜೆ ಎಲ್ಲಿಗೆ ಹೋಗಬೇಕು? ಕಾಫಿಗೆ ಇನ್ನೂರು ರೂಪಾಯಿ ಕೇಳುವ ಕೆಫೆಗೋ?

ನೀರಿನ ಅಂಚಿಗೆ ಯಾರು ಬರಬಹುದು, ಯಾರು ಬರಕೂಡದು ಎಂಬುದು ಈ ದೇಶದಲ್ಲಿ ಸಣ್ಣ ಪ್ರಶ್ನೆ ಆಗಿರಲೇ ಇಲ್ಲ. ಮಹಾರಾಷ್ಟ್ರದ ಮಹಾಡದಲ್ಲಿರುವ ಚವದಾರ್ ಕೆರೆಯನ್ನು ಅಲ್ಲಿನ ಪುರಸಭೆ 1924ರಲ್ಲಿ ಕಾಗದದ ಮೇಲೆ ಎಲ್ಲರಿಗೂ ತೆರೆದಿತ್ತು. ಆದರೂ 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ದಲಿತರೊಂದಿಗೆ ಹೋಗಿ ಬೊಗಸೆ ನೀರು ಕುಡಿದಾಗ ಪೆಟ್ಟು ಬಿದ್ದವು; ಆಮೇಲೆ ಕೆರೆಯನ್ನು 'ಶುದ್ಧಿ' ಮಾಡಲಾಯಿತು. ಆ ಹಕ್ಕನ್ನು ಬಾಂಬೆ ಹೈಕೋರ್ಟು ಎತ್ತಿಹಿಡಿಯಲು 1937 ಬರಬೇಕಾಯಿತು. ನಮ್ಮ ಸೀಮೆಯಲ್ಲೂ ತೂಬು ಎತ್ತಿ, ಕಾಲುವೆ ಕಾದು, ಕೆರೆ ಉಳಿಸಿದ ನೀರಗಂಟಿಗಳಲ್ಲಿ ಬಹಳ ಮಂದಿ ದಲಿತರು. ಅವರ ಮೊಮ್ಮಕ್ಕಳು ಇವತ್ತು ಗಾರೆ ಕೆಲಸ ಮುಗಿಸಿ, ಮಣ್ಣು ಮೆತ್ತಿದ ಪ್ಯಾಂಟಿನಲ್ಲೇ ಬೆಂಚಿನ ಮೇಲೆ ಬೆನ್ನು ಚಾಚಿದರೆ 'ನೋಡೋಕೆ ಚೆನ್ನಾಗಿರಲ್ಲ' ಅನ್ನುತ್ತೇವೆ. ಜಾತಿಯ ಹೆಸರು ಎತ್ತಲಿಲ್ಲ ಎಂದ ಮಾತ್ರಕ್ಕೆ ಈ ಮಾತು ಹೊಸದಾಗುವುದಿಲ್ಲ.

ಓಡಿಸುವ ಕೆಲಸಕ್ಕೆ ಬೆತ್ತವೇ ಬೇಕಿಲ್ಲ, ಟಿಕೆಟ್ಟೂ ಸಾಕು. ಬೆಂಗಳೂರಿನಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ದನ ಮೇಯಿಸುವವರು, ಮೀನು ಹಿಡಿಯುವವರು, ಸುಮ್ಮನೆ ಬರುವವರು ಹೊರಗಾಗುತ್ತಾರೆಂದು ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿ ಬಂತು, 2012ರಲ್ಲಿ ಆದೇಶ ಬಂತು. ನಮ್ಮ ಮೂರು ಊರುಗಳಲ್ಲೂ ನಾಳೆ 'ನಿರ್ವಹಣೆಗೆ ದುಡ್ಡು ಬೇಕಲ್ಲ' ಎಂಬ ಮಾತು ಬಂದೇ ಬರುತ್ತದೆ. ಹತ್ತಿಪ್ಪತ್ತು ರೂಪಾಯಿ ಟಿಕೆಟ್ಟು ನಮಗೆ ಲೆಕ್ಕವಿಲ್ಲ. ಐದು ಜನರ ಸಂಸಾರ ಕಟ್ಟಿಕೊಂಡು ಭಾನುವಾರ ಸಂಜೆ ಬರುವ ಕೂಲಿಯವನಿಗೆ ಅದು ಲೆಕ್ಕವೇ.

ಕೆರೆಗೆ ಚರಂಡಿ ಬಿಡುವವರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ. ಆ ಜಗಳ ಬೇರೆ, ದೊಡ್ಡದು. ಇಷ್ಟು ಮಾತ್ರ ನಿಜ: ದಂಡೆಯಲ್ಲಿ ಜನ ಕೂತಿರುವ ಕೆರೆಗೆ ರಾತ್ರೋರಾತ್ರಿ ಮಣ್ಣು ತಂದು ಸುರಿಯುವುದು ಕಷ್ಟ. 2022ರ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗ ಮಕ್ಕಳುಮರಿ ಕಟ್ಟಿಕೊಂಡು ನೋಡಲು ಹೋಗಿದ್ದೆವಲ್ಲ, ಅದೇ ಕಣ್ಣು ಕೆರೆಯ ಮೇಲೆ ವರ್ಷವಿಡೀ ಬೇಕು. ಕೆರೆಗಳು ಹೇಗೆ ಕಾಣೆಯಾಗುತ್ತವೆಂದು ನಮಗೆ ಗೊತ್ತಿದೆ: ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು.

ಆದ್ದರಿಂದ ಕೇಳಿ. ನಿಮ್ಮ ವಾಕಿಂಗ್ ಗೆಳೆಯರು ಮುಂದಿನ ವಾರ ಒಂದು ಅರ್ಜಿ ಹಿಡಿದು ಬರಬಹುದು: ಗಾಡಿ ಎತ್ತಿಸಿ, ಗೇಟಿಗೆ ಬೇಗ ಬೀಗ ಹಾಕಿ, ಮಲಗುವವರನ್ನು ಓಡಿಸಿ, ಜೋಡಿಗಳಿಗೆ ಬುದ್ಧಿ ಹೇಳಿ. ಸಹಿ ಹಾಕಬೇಡಿ. ಹಾಳೆ ಮಗುಚಿ ಹಿಂಬದಿಯಲ್ಲಿ ಬೇರೆ ಅರ್ಜಿ ಬರೆಯಿರಿ. ಹೆಂಗಸರಿಗೆ ನೀರಿರುವ, ಒಳಗಿನಿಂದ ಚಿಲಕ ಬೀಳುವ ಶೌಚಾಲಯ. ಕತ್ತಲಾದ ಮೇಲೂ ಉರಿಯುವ ದೀಪ. ನಡುವೆ ಕಬ್ಬಿಣದ ಅಡ್ಡಪಟ್ಟಿ ಇಲ್ಲದ, ದಣಿದವನು ಕಾಲು ಚಾಚಬಹುದಾದ ಬೆಂಚು. ಚುರುಮುರಿ, ಜೋಳ, ಸೌತೆಕಾಯಿ ಗಾಡಿಗಳಿಗೆ ಗುರುತಿನ ಚೀಟಿ ಮತ್ತು ಗೇಟಿನ ಒಳಗೇ ಜಾಗ. ಟಿಕೆಟ್ ಇಲ್ಲದ ಬಾಗಿಲು. ಮೊದಲ ಸಹಿ ನಿಮ್ಮದಿರಲಿ, ಎರಡನೆಯದನ್ನು ಗಾಡಿಯವನ ಹತ್ತಿರ ಹಾಕಿಸಿ, ಆಮೇಲೆ ಪಾಲಿಕೆಗೋ ಪಟ್ಟಣ ಪಂಚಾಯಿತಿಗೋ ಪುರಸಭೆಗೋ ನೀವೇ ಹೋಗಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ.