ಕೈಯ ಕಸುಬೆಲ್ಲ ಕಾಯಕವೇ?

ಟೆಕ್ಸಾಸ್‌ನಲ್ಲಿ ನೆಲೆಸಿರುವ ಶರಣಬಂಧುವೊಬ್ಬರು ನನ್ನನ್ನು ಕೇಳಿದರು: “ಇಲ್ಲಿ ಸ್ನೇಹಿತರು ತಾವೇ ರೈಫಲ್ ತಯಾರಿಸಿ ಜಿಂಕೆ ಬೇಟೆಗೆ ಹೋಗುತ್ತಾರೆ. ಮಾಂಸವನ್ನು ಹಸಿದವರಿಗೂ ಕೊಡುತ್ತಾರೆ. ಇದು ಕಾಯಕ, ದಾಸೋಹ ಅಲ್ಲವೇ?”

ಆ ರಾಜ್ಯದಲ್ಲಿ ಭೂಮಿ ಬಹುಪಾಲು ಖಾಸಗಿ. ನಾಡಜಿಂಕೆ ಕಾನೂನಿನಂತೆ ಜನರ ಸೊತ್ತಾದರೂ ಜಮೀನಿನ ಗೇಟು ಮಾಲೀಕನದು. ಆದ್ದರಿಂದ ಬೇಟೆಗಾರರು ಎಕರೆಗಿಷ್ಟು, ಇಲ್ಲವೇ ಕೋವಿಗಿಷ್ಟು ಎಂದು ಹಣ ಕೊಟ್ಟು ರ್‍ಯಾಂಚನ್ನು ಗುತ್ತಿಗೆ ಹಿಡಿಯುತ್ತಾರೆ.

ಅವರ ವಾದವನ್ನು ಪೂರ್ತಿ ತಳ್ಳಿಹಾಕಲಾರೆ. ತೋಳಗಳು ಅಳಿದ ಮೇಲೆ ಜಿಂಕೆಗಳು ಮಿತಿಮೀರಿ ಬೆಳೆದು ಮೇವಿಲ್ಲದೆ ಸೊರಗುವುದು ನಿಜ. ಆದರೆ ಸಂಖ್ಯೆ ತಗ್ಗಿಸಬೇಕಾದರೆ ಹೆಣ್ಣುಜಿಂಕೆಗಳನ್ನು ಕೊಲ್ಲಬೇಕು. ಹೆಚ್ಚಿನ ದರವಿರುವುದು ದೊಡ್ಡ ಕೊಂಬಿನ ಗಂಡಿಗೆ! ನಮ್ಮ ನಾಡಿನ ಕೃಷ್ಣಮೃಗವನ್ನೂ 1930ರ ದಶಕದಲ್ಲಿ ಅಲ್ಲಿಗೆ ಒಯ್ದು ಬಿಟ್ಟರು. ರಾಣೆಬೆನ್ನೂರಿನಲ್ಲಿ ಅಭಯಾರಣ್ಯ ಪಡೆದ ಅದೇ ಪ್ರಾಣಿಯನ್ನು ಅಲ್ಲಿ ವರ್ಷವಿಡೀ ಬೇಟೆಯಾಡಬಹುದು. ಇದರಲ್ಲಿ ನಿಸರ್ಗರಕ್ಷಣೆ ಎಲ್ಲಿದೆ?

ನಳಿಗೆ ಕೂರಿಸಿ, ಹಿಡಿ ಕೆತ್ತುವ ಕೈಚಳಕ ದೊಡ್ಡದೇ. ಆದರೆ ಶ್ರಮವೆಲ್ಲ ಕಾಯಕವಲ್ಲ. ಯಾರಿಗೆ ಒಳಿತು, ಯಾರಿಗೆ ನೋವು ಎಂದು ಕೇಳಿಕೊಂಡ ಶ್ರಮವೇ ಕಾಯಕ. ಮೋಜಿಗಾಗಿ ಕೊಂದು ಉಳಿದದ್ದನ್ನು ಹಂಚುವುದು ದಾನವಿರಬಹುದು, ದಾಸೋಹವಂತೂ ಅಲ್ಲ. ಬಸವಾದಿ ಶರಣರು ಧರ್ಮವನ್ನು ಸಕಲ ಜೀವಿಗಳ ಮೇಲಿನ ದಯೆಯಲ್ಲಿ ಕಂಡವರು.

ಅಲ್ಲಿನ ಜನರನ್ನು ಹಳಿಯುವ ಅಧಿಕಾರ ನಮಗಿಲ್ಲ. ಆದರೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿದವರು ಬೇಟೆಗೆ ಕಾಯಕದ ಹೆಸರಿಡಬಾರದು. ಅಲ್ಲಿನ ನಮ್ಮ ಸಮಾಜಬಾಂಧವರು ಇದನ್ನು ಮಕ್ಕಳೊಡನೆ ಮುಕ್ತವಾಗಿ ಚರ್ಚಿಸಲಿ.